ಇಂಜಿನ್ ಆರಿಸಬಾರದು

"ಏಯ್, ಕಕ್ಕಸಿನವನೇ! ಆ ದರಿದ್ರ ಇಂಜಿನ್ ಆರಿಸೋ! ಹೊಗೆಯೆಲ್ಲ ರೂಮಿನೊಳಗೆ ಬರ್ತಿದೆ!"

ಅತಿಥಿಗೃಹದ ಬಾಗಿಲಲ್ಲಿ ನಿಂತು ಕೂಗಿದವನು ಫೆನ್ವಿಕ್, ಹಿರಿಯರ ಆರೈಕೆ ಇಲಾಖೆಯ ಅಧಿಕಾರಿ. ನಿನ್ನೆಯ ವಿಮಾನದಲ್ಲಿ ದಕ್ಷಿಣದಿಂದ ಬಂದಿಳಿದಿದ್ದ. ನಾನು ಗೋಡೆಯ ಬುಡದಲ್ಲಿ ಹಿಮದ ಮೇಲೆ ಮಂಡಿಯೂರಿ, ಅವನೂ ಅವನ ಜೊತೆಯವರೂ ಒಂದೇ ರಾತ್ರಿಯಲ್ಲಿ ತುಂಬಿಸಿಟ್ಟ ಕಕ್ಕಸಿನ ತೊಟ್ಟಿಗೆ ಲಾರಿಯ ಕೊಳವೆ ಸಿಕ್ಕಿಸುತ್ತಿದ್ದೆ. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಚಳಿ. ಕೈಗವಸು ಕೊಳವೆಗೆ ಅಂಟಿಕೊಳ್ಳುತ್ತಿತ್ತು.

"ಆರ್ಸಕ್ಕಾಗಲ್ಲ ಸಾಹೇಬ್ರೇ," ಎಂದೆ. "ಟ್ಯಾಂಕ್ ತುಂಬೈತೆ. ಆರ್ಸುದ್ರೆ ಪಂಪು, ಕೊಳವೆ ಎಲ್ಲಾ ಕಲ್ಲಾಗೋಯ್ತವೆ. ನಾಳೆ ಹೊತ್ಗೆ ಟ್ಯಾಂಕೂ ಕಲ್ಲೇ. ಆಮೇಲೆ ಜೂನ್ ತಿಂಗ್ಳವರ್ಗೂ ಜಪ್ಪಯ್ಯ ಅಂದ್ರೂ ಅಲ್ಲಾಡಕ್ಕಿಲ್ಲ."

"ನಿನ್ನ ಕಥೆ ಕೇಳೋಕೆ ಬಂದಿಲ್ಲ ನಾನು. ಥೂ, ಏನು ವಾಸನೆ!"

ವಾಸನೆ ಅವನದ್ದೇ. ಹೇಳಲಿಲ್ಲ. ಅವನ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ವಸತಿಶಾಲೆಯಲ್ಲಿ ಎಂಟು ವರ್ಷ ಬಡಿದು ಕಲಿಸಿದ್ದರು. ಬಾಯಿ ಮುಚ್ಚಿಕೊಂಡಿರುವುದನ್ನೂ ಅಲ್ಲಿಯೇ ಕಲಿತೆ.

ಮುಂದಿನ ಮನೆ ಉಯಾರಾಕಳದು. ಎಪ್ಪತ್ತೊಂಬತ್ತರ ಮುದುಕಿ. ಇಬ್ಬರು ಗಂಡುಮಕ್ಕಳನ್ನೂ ಒಂದೇ ದಿನ ಸಮುದ್ರದ ಒಡೆದ ಮಂಜುಗಡ್ಡೆ ನುಂಗಿತ್ತು. ಹೋದ ಬೇಸಿಗೆಯಲ್ಲಿ ಬಿದ್ದು ಸೊಂಟ ಮುರಿದ ಮೇಲೆ ಒಂಟಿಯಾಗಿ ಏಳಲಾರಳು. ಆದರೆ ಒಂಟಿ ಅನ್ನುವಂತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಎಂಟೊಂಬತ್ತು ಮಕ್ಕಳು ಅವಳ ಆ ಒಂದೇ ಕೋಣೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಸೀಲ್ ಪ್ರಾಣಿಯ ಚರ್ಮ ಹದಮಾಡುವುದು, ಬೂಟು ಹೊಲಿಯುವುದು, ಬೈಸಿಕೊಳ್ಳುವುದು, ಚಹಾ ಕುಡಿಯುವುದು. ಊರಿನ ಹುಡುಗರು ಸಂಜೆ ಸೇರುತ್ತಿದ್ದ ಕೊಠಡಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಹೋದ ಚಳಿಗಾಲ ಮೂವರು ಹುಡುಗರನ್ನು ಮಣ್ಣು ಮಾಡಿದ್ದೆವು. ಮೂವರೂ ತಾವಾಗಿಯೇ ಹೋದವರು. ಅವರಲ್ಲೊಬ್ಬ ಕೌನಾಕಳ ಅಣ್ಣ.

ಕೌನಾಕಳಿಗೆ ಹದಿನಾರು. ಅವಳು ಹುಟ್ಟಿದಾಗ ಉಯಾರಾಕಳ ಸತ್ತ ತಾಯಿಯ ಹೆಸರನ್ನೇ ಇಟ್ಟಿದ್ದರು. ಹೆಸರು ಬಂದಮೇಲೆ ಸತ್ತ ಆಳೂ ಮರಳಿ ಬಂದಂತೆ. ನಮ್ಮಲ್ಲಿ ಅದರ ಬಗ್ಗೆ ಚರ್ಚೆಯಿಲ್ಲ. ಮುದುಕಿ ಹುಡುಗಿಯನ್ನು ಅವ್ವ ಅನ್ನುತ್ತಾಳೆ, ಹುಡುಗಿ ಮುದುಕಿಯನ್ನು ಮಗಾ ಅನ್ನುತ್ತಾಳೆ.

ನಾನು ಹೋದಾಗ ಕೌನಾಕ್ ಮುದುಕಿಗೆ ಮೇಲಂಗಿ ತೊಡಿಸುತ್ತಿದ್ದಳು.

"ಕೈ ಎತ್ತು ಮಗಾ. ಸಭೆಗೆ ಹೊತ್ತಾಯ್ತು. ಆ ಕೈ ಅಲ್ಲ, ಈ ಕೈ."

"ಬೈಬ್ಯಾಡ ಕಣವ್ವ," ಎಂದಳು ಉಯಾರಾಕ್. ನನ್ನನ್ನು ಕಂಡು, "ನೋಡ್ಲಾ ನುಟಾರಾಕ್, ನಮ್ಮವ್ವ ಆವಾಗ್ಲೂ ಹಿಂಗೇ ಗದರ್ತಿದ್ಲು. ಸತ್ ಬಂದ್ರೂ ಬುದ್ಧಿ ಬರ್ನಿಲ್ಲ," ಎಂದು ನಕ್ಕಳು. ಬಾಯಲ್ಲಿದ್ದ ನಾಲ್ಕು ಹಲ್ಲೂ ಕಂಡವು. ಆಮೇಲೆ ನಗು ನಿಂತಿತು. "ಕಳ್ಸಿಬುಡ್ತಾರಾ ನನ್ನ?"

"ನಾವ್ ಬಿಡಕ್ಕಿಲ್ಲ," ಎಂದಳು ಕೌನಾಕ್.

ಈ ಹಿಂದೆ ನಮ್ಮೂರಿಂದ ಮೂವರು ಮುದುಕರನ್ನು ಎರಡು ಸಾವಿರ ಕಿಲೋಮೀಟರ್ ದೂರದ ಆರೈಕೆ ಮನೆಗೆ ಕಳಿಸಿದ್ದರು. ಹೋಗುವಾಗ ವಿಮಾನದ ಸೀಟಿನಲ್ಲಿ ಕೂತು ಹೋದವರು, ಬರುವಾಗ ಸರಕಿನ ಜಾಗದಲ್ಲಿ ಪೆಟ್ಟಿಗೆಯಾಗಿ ಬಂದರು. ಅಲ್ಲಿ ನಮ್ಮ ಮಾತು ಆಡುವವರು ಒಬ್ಬರೂ ಇರಲಿಲ್ಲವಂತೆ.

ನಾವು ಕೇಳಿದ್ದು ದೊಡ್ಡದೇನಲ್ಲ. ಅಂಗಡಿ ಹೊಸ ಜಾಗಕ್ಕೆ ಹೋದ ಮೇಲೆ ಹಳೇ ಕಟ್ಟಡ ಖಾಲಿ ಬಿದ್ದಿತ್ತು. ಅದರಲ್ಲಿ ಮುದುಕರಿಗೆ ನಾಲ್ಕು ಮಂಚ, ನಡುವೆ ಒಂದು ಒಲೆ, ಹುಡುಗರಿಗೆ ಒಂದು ಉದ್ದನೆಯ ಮೇಜು. ನೋಡಿಕೊಳ್ಳಲು ನಮ್ಮ ಹೆಂಗಸರೇ ಸಿದ್ಧರಿದ್ದರು. ಮೂರು ವರ್ಷದಲ್ಲಿ ಐದು ಅರ್ಜಿ. ಅದಕ್ಕೇ ಈ ಸಭೆ.

ಶಾಲೆಯ ಆಟದ ಕೋಣೆಯಲ್ಲಿ ಊರೇ ಸೇರಿತ್ತು. ಫೆನ್ವಿಕ್ ಮೇಜಿನ ಮೇಲೆ ಮಾತು ಹಿಡಿಯುವ ಯಂತ್ರವನ್ನೂ ಬಿಸ್ಕತ್ತಿನ ತಟ್ಟೆಯನ್ನೂ ಇಟ್ಟ. ಪಕ್ಕದಲ್ಲಿ ನಮ್ಮ ಮೋಸೆಸಿ, ಪಂಚಾಯಿತಿಯಲ್ಲಿ ದುಭಾಷಿ ಕೆಲಸದವನು. ಎರಡೂ ಕಡೆಯ ಮಾತನ್ನು ಆಡಿದ ಕೂಡಲೇ ಅವನೇ ದಾಟಿಸುತ್ತಿದ್ದ. ಫೆನ್ವಿಕ್ ಕಾಗದದಿಂದ ತಲೆ ಎತ್ತದೆ ಓದಿದ.

"ಹಿರಿಯರ ವಿಷಯ ನನ್ನ ಇಲಾಖೆಗೆ ಸೇರಿದ್ದು. ಯುವಕರದ್ದು ಬೇರೆ ಇಲಾಖೆ. ಇಬ್ಬರನ್ನೂ ಒಂದೇ ಸೂರಿನಡಿ ಇಡೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ. ಹಳೇ ಅಂಗಡಿ ಕಟ್ಟಡವನ್ನು ಹೊರಗಿನಿಂದ ಬರೋ ನೌಕರರ ವಸತಿಗೆ ಕೊಡಲಾಗಿದೆ. ಇದಕ್ಕೆ ಎಲ್ಲರ ಒಪ್ಪಿಗೆ ಇದೆ ತಾನೇ?"

ಮೋಸೆಸಿ ನಮ್ಮ ಮಾತಿನಲ್ಲಿ ಹೇಳಿದ. ಇಡೀ ಸಭೆ ಮೂಗು ಸುಕ್ಕುಗಟ್ಟಿಸಿತು. ಮುದುಕರು, ಬಾಣಂತಿಯರು, ಹಿಂದಿನ ಸಾಲಿನ ಹುಡುಗರು, ಎಲ್ಲರೂ. ಹುಬ್ಬೆತ್ತಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ನಮ್ಮ ಕೂಸುಗಳಿಗೂ ಗೊತ್ತು.

ಫೆನ್ವಿಕ್ ಇನ್ನೂ ಕಾಗದವನ್ನೇ ನೋಡುತ್ತಿದ್ದ. "ವಿರೋಧ ಇಲ್ಲ," ಎಂದು ಬರೆದುಕೊಂಡ.

ಕೌನಾಕ್ ಎದ್ದು ನಿಂತಳು. "ತಲೆ ಎತ್ತಿ ನೋಡಿ ಸಾಹೇಬ್ರೇ! ಎಲ್ರೂ ಬ್ಯಾಡ ಅಂತಾವ್ರೆ!"

"ಯಂತ್ರದಲ್ಲಿ ಏನೂ ಕೇಳಿಸಿಲ್ಲವಲ್ಲಮ್ಮ."

"ಯಂತ್ರಕ್ಕೆ ಮೂಗು ಕಾಣಕಿಲ್ಲ, ನಿಮ್ಗೂ ಕಾಣಕಿಲ್ವಾ? ಆ ಮುದ್ಕಿ ಮನೇಗ್ ಹೋಗೋ ಹುಡುಗ್ರಲ್ಲಿ ಒಬ್ರೂ ಸತ್ತಿಲ್ಲ. ಬರ್ಕೊಳಿ ಅದ್ನ. ನಮ್ಮಣ್ಣ ಅಲ್ಲಿಗ್ ಹೋಯ್ತಿರ್ನಿಲ್ಲ. ಅದ್ನೂ ಬರ್ಕೊಳಿ."

ಮೋಸೆಸಿ ಅನುವಾದಿಸಿದ. ಫೆನ್ವಿಕ್ ಗಡಿಯಾರ ನೋಡಿದ. "ಬಹಳ ದುಃಖದ ವಿಷಯ. ಆದರೆ ಅದು ಯುವಕರ ಇಲಾಖೆಗೆ ಹೇಳಬೇಕಾದ್ದು," ಎಂದು ಇನ್ನೊಂದು ಕಾಗದ ತೆಗೆದ. "ಉಯಾರಾಕ್ ಅನ್ನೋರು ಯಾರು? ನಿಮಗೆ ದಕ್ಷಿಣದಲ್ಲಿ ಒಂದು ಮಂಚ ಖಾಲಿಯಾಗಿದೆ. ನಾಳೆ ಹೊರಡಬಹುದು."

ಮಂಚ ಹೇಗೆ ಖಾಲಿಯಾಯಿತು ಎಂದು ಯಾರೂ ಕೇಳಲಿಲ್ಲ.

"ನಾ ಹೋಗಕ್ಕಿಲ್ಲ," ಎಂದಳು ಉಯಾರಾಕ್. ಅವಳು ಮೂಗು ಸುಕ್ಕಿಸಿ ಸುಮ್ಮನಾಗಲಿಲ್ಲ. ಯಂತ್ರಕ್ಕೆ ಕೇಳಲಿ ಎಂದು ಜೋರಾಗಿಯೇ ಹೇಳಿದಳು. "ಇಲ್ಲೇ ಇರ್ತೀನಿ. ಬೇಕಾರೆ ನಮ್ಮವ್ವನ್ನ ಕೇಳಿ."

ಫೆನ್ವಿಕ್ ಮೊದಲ ಬಾರಿ ತಲೆ ಎತ್ತಿದ. "ನಿಮ್ಮ ತಾಯಿ ಇದ್ದಾರಾ?"

"ಇಲ್ಲೇ ಕುಂತವ್ಳಲ್ಲ, ಕಾಣಕಿಲ್ವಾ?" ಮುದುಕಿ ಕೌನಾಕಳ ಕೈ ಹಿಡಿದು ಎತ್ತಿ ತೋರಿಸಿದಳು. "ಬೆಳಿಗ್ಗೆ ಇವ್ಳೇ ನಂಗೆ ಬಟ್ಟೆ ಹಾಕಿದ್ದು."

ಫೆನ್ವಿಕ್ ತನ್ನ ಜೊತೆ ದಕ್ಷಿಣದಿಂದ ಬಂದು ಪಕ್ಕದಲ್ಲಿ ಕೂತಿದ್ದ ನರ್ಸಿನ ಕಡೆ ತಿರುಗಿದ. ನರ್ಸು ತಲೆ ತಗ್ಗಿಸಿದಳು. ಮೋಸೆಸಿ ಗಾಬರಿಯಾಗಿ, "ಸಾರ್, ಅದು ಹಂಗಲ್ಲ, ಹೆಸರಿಟ್ಟ ಸಂಬಂಧ ಸಾರ್, ನಮ್ಮಲ್ಲಿ..." ಎಂದು ಶುರುಮಾಡಿದ. "ಗೊತ್ತಾಯ್ತು, ಗೊತ್ತಾಯ್ತು," ಎಂದು ಫೆನ್ವಿಕ್ ಕೈಯಾಡಿಸಿದ. ಮಾತು ತುಂಬ ಮೆತ್ತಗಾಗಿತ್ತು. ಅವನು ಬರೆಯುವುದನ್ನು ನಾನು ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದೆ.

*ಬುದ್ಧಿ ಸ್ತಿಮಿತದಲ್ಲಿಲ್ಲ. ಸತ್ತ ತಾಯಿ ಎದುರಿಗಿದ್ದಾಳೆಂದು ನಂಬುತ್ತಾಳೆ. ಸ್ವಂತ ನಿರ್ಧಾರಕ್ಕೆ ಅಸಮರ್ಥಳು.*

ಕೆಳಗೆ ತಾನೇ ಸಹಿ ಹಾಕಿದ. ಅವಳು ಬೇಡವೆಂದ ಮಾತು ಅಲ್ಲಿಗೆ ಮುಗಿಯಿತು.

ನಾನು ಅದನ್ನು ನಮ್ಮ ಮಾತಿನಲ್ಲಿ ಜೋರಾಗಿ ಓದಿ ಹೇಳಿದೆ. ಕೌನಾಕ್ ಕಿರುಚಿದಳು. "ಅವ್ಳಿಗೆ ಹುಚ್ಚಿಲ್ಲ ಕಣ್ರೋ ಬೋಳಿಮಕ್ಳಾ! ನಾನ್ ಅವ್ಳವ್ವ! ನಾನ್ ಒಪ್ಪಕಿಲ್ಲ!"

"ಏನಂತಾಳೆ?" ಎಂದ ಫೆನ್ವಿಕ್.

ಮೋಸೆಸಿ ನೆಲ ನೋಡಿದ. "ಒಪ್ಪಲ್ವಂತೆ ಸಾರ್."

"ಒಪ್ಪೋಕೆ ಇವಳು ಯಾರು?"

ಬಿಸ್ಕತ್ತನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಹತ್ತು ಗಂಟೆಗೆ ಬಿಸಿಲು ಹಿಮದ ಮೇಲೆ ಕಣ್ಣು ಕುಕ್ಕುತ್ತಿತ್ತು. ವಿಮಾನ ನಿಲ್ದಾಣವೆಂದರೆ ಒಂದು ತಗಡಿನ ಮನೆ, ಅದರೆದುರು ವಿಮಾನ ನಿಲ್ಲುವ ಅಂಗಳ, ಆಚೆ ವಿಮಾನ ಏರುವ ಜಲ್ಲಿಯ ಓಡುಪಟ್ಟಿ, ಇವೆರಡರ ನಡುವೆ ವಿಮಾನ ದಾಟುವಷ್ಟೇ ಅಗಲದ ಒಂದೇ ದಾರಿ. ಎರಡು ಕಡೆಯೂ ಆಳೆತ್ತರದ ಹಿಮದ ದಿಬ್ಬ. ನನ್ನ ಟ್ಯಾಂಕು ತುಂಬಿತ್ತು. ನಿಲ್ದಾಣದ ತೊಟ್ಟಿ ಬಳಿದು ಮುಗಿಸಿದ್ದೆ.

ಉಯಾರಾಕಳ ಎದೆಗೆ ಹೆಸರಿನ ಚೀಟಿ ಕಟ್ಟಿದ್ದರು. ಇಬ್ಬರು ಆಳುಗಳು ಕುರ್ಚಿ ಸಮೇತ ಎತ್ತಿ ಅವಳನ್ನು ವಿಮಾನಕ್ಕೆ ಏರಿಸಿದರು. ಕೌನಾಕ್ ಕಾಗದದಲ್ಲಿ ಸುತ್ತಿದ ಹೆಪ್ಪುಗಟ್ಟಿದ ಮೀನು ಹಿಡಿದು ಮೆಟ್ಟಿಲ ತನಕ ಹೋದಳು.

"ಹಸಿ ಮೀನು ಬೇಡ," ಎಂದ ಫೆನ್ವಿಕ್. "ಅಲ್ಲಿ ಒಳ್ಳೇ ಊಟ ಕೊಡ್ತಾರೆ."

"ಮಗಾ, ಟೋಪಿ ತೆಗೀಬ್ಯಾಡ," ಎಂದು ಕೌನಾಕ್ ಅವನ ಭುಜದಾಚೆಗೆ ಕೂಗಿದಳು. ಒಳಗಿಂದ ಮುದುಕಿ ಏನೋ ಅಂದಳು. ಬಾಗಿಲು ಹಾಕಿಬಿಟ್ಟರು.

ನಾನು ಯೋಚಿಸಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಲಾರಿಯನ್ನು ಆ ಇಕ್ಕಟ್ಟು ದಾರಿಗೆ ತಂದು ಅಡ್ಡ ನಿಲ್ಲಿಸಿದೆ. ವಿಮಾನದ ರೆಕ್ಕೆಯ ಗಾಳಿಯಂತ್ರ ತಿರುಗಿತು, ನಿಂತಿತು. ಬಾಗಿಲು ತೆರೆದು ಫೆನ್ವಿಕ್ ಇಳಿದು ಓಡಿಬಂದ. ಮೂಗಿಗೆ ಕೈಗವಸು ಒತ್ತಿಕೊಂಡಿದ್ದ.

"ಏನೋ ಇದು? ತೆಗಿಯೋ! ಪೊಲೀಸ್ ಕರೀಬೇಕಾ?"

"ನಿನ್ನೆ ಇಂಜಿನ್ ಆರ್ಸು ಅಂದ್ರಲ್ಲ ಸಾಹೇಬ್ರೇ," ಎಂದೆ. ಬೀಗದ ಕೈ ತಿರುಗಿಸಿದೆ. "ತಗಳಿ, ಆರ್ಸಿವ್ನಿ."

ಬೀಗದ ಕೈಯನ್ನು ದಿಬ್ಬದಾಚೆ ಎಸೆದೆ. ಮೆತ್ತನೆ ಹಿಮ ಸದ್ದಿಲ್ಲದೆ ನುಂಗಿತು.

ಊರಿಗೆ ಇರುವುದು ಇದೊಂದೇ ಕಕ್ಕಸು ಲಾರಿ. ನಾಡಿದ್ದಿಗೆ ಮನೆಮನೆಯ ತೊಟ್ಟಿ ತುಂಬುತ್ತದೆ. ಬಾಣಂತಿಯರ ಮನೆಯದು ನಾಳೆಯೇ. ಎಲ್ಲ ನನಗೆ ಗೊತ್ತು. ನನ್ನ ಕೆಲಸ ಹೋಗುತ್ತದೆ ಎಂಬುದೂ, ಲಾರಿಯನ್ನು ದೂಡಿ ಎಳೆಯಲು ಹಿಮ ತಳ್ಳುವ ಯಂತ್ರ ಆಗಲೇ ಹೊರಟಿದೆ ಎಂಬುದೂ ಗೊತ್ತು. ಅದರ ಸದ್ದು ಊರ ಕಡೆಯಿಂದ ಕೇಳುತ್ತಿತ್ತು.

ನನ್ನ ಇಂಜಿನ್ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಮೋಸೆಸಿ ಬಂದು ಲಾರಿಯ ಇನ್ನೊಂದು ಬದಿ ಹತ್ತಿ ನನ್ನ ಪಕ್ಕ ಕೂತ.

ಕೌನಾಕ್ ವಿಮಾನದ ಕಿಟಕಿಯ ಕೆಳಗೆ ಮೀನು ಹಿಡಿದು ನಿಂತಿದ್ದಳು. "ಇಳೀತೀಯಾ ಮಗಾ? ಇಳೀತೀಯಾ?" ಎಂದು ಕೂಗುತ್ತಿದ್ದಳು. ಗಾಜಿನ ಹಿಂದೆ ಮುದುಕಿಯ ಮುಖ ಹತ್ತಿರ ಬಂತು. ಹುಬ್ಬೆತ್ತಿದಳೋ, ಮೂಗು ಸುಕ್ಕಿಸಿದಳೋ, ನಮಗೆ ಯಾರಿಗೂ ಕಾಣಲಿಲ್ಲ. ಅವಳ ಉಸಿರೇ ಗಾಜಿನ ಮೇಲೆ ಹೆಪ್ಪುಗಟ್ಟುತ್ತ, ಅಂಚಿನಿಂದ ನಡುವಿಗೆ, ಬೆಳ್ಳಗೆ ಮುಚ್ಚಿಕೊಳ್ಳುತ್ತಿತ್ತು.