ಕೂಗಿ ಹೇಳಿದರಷ್ಟೇ ಕರೆಂಟು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರಿಗೆ ನಮ್ಮ ಮನೆಯವರ ಪರಿಚಯ ಇರಲಿಲ್ಲ. ನಾವು ಉಂಡೆವು, ಮಲಗಿದೆವು, ಎದ್ದೆವು, ಮತ್ತೆ ಉಂಡೆವು. ಜಗಳ ಎಲ್ಲಿತ್ತೋ ಅಲ್ಲೇ ಕೂತಿತ್ತು. ಮಧ್ಯೆ ಸಿಕ್ಕಿಕೊಂಡವರು ನಮ್ಮ ಅತ್ತೆ.

"ನಿಮ್ಮ ಮಗನಿಗೆ ಊಟಕ್ಕೆ ಬರೋಕೆ ಹೇಳಿ ಅತ್ತೆ" ಎಂದು ನಾನು. "ಆಮೇಲೆ ಬರ್ತೀನಿ ಅಂತ ನಿನ್ನ ಸೊಸೆಗೆ ಹೇಳಮ್ಮ" ಎಂದು ಇವರು. ಇಷ್ಟನ್ನೂ ಒಂದೇ ಅಡುಗೆಮನೆಯಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ನಿಂತು ಹೇಳುತ್ತಿದ್ದೆವು. ಅತ್ತೆಗೆ ಸಾಕಾಗಿ ಹೋಯಿತು. "ನಾನೇನು ನಿಮ್ಮಿಬ್ಬರ ನಡುವಿನ ಟೆಲಿಫೋನ್ ವೈರಾ? ಇವತ್ತಿಂದ ನನಗೆ ಕಿವಿ ಕೇಳಿಸಲ್ಲ" ಎಂದು ತಟ್ಟೆ ಕುಕ್ಕಿ ಕೋಣೆ ಸೇರಿದರು.

ತಪ್ಪು ಇವರದೇ. ಪಕ್ಷಪಾತ ಮಾಡುತ್ತಿಲ್ಲ, ನೀವೇ ಕೇಳಿ. ನಾವಿಬ್ಬರೂ ಒಂದೇ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದೇವೆ. ಇವರು ಫಿಟ್ಟರ್, ನಾನು ಮೀಟರು, ಸೆನ್ಸರುಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್. ಯಂತ್ರಗಳ ನಡುಕ ಅಳೆಯುವುದಕ್ಕೆಂದೇ ಮಿಲ್ಲಿನವರು ಹೊಸ ಕಟ್ಟಡದಲ್ಲಿ ಒಂದು ವಿಭಾಗ ತೆರೆಯುವವರಿದ್ದರು. ಅದರ ಮುಖ್ಯಸ್ಥರ ಜಾಗ ಖಾಲಿ ಇತ್ತು. ದೊಡ್ಡ ಸಾಹೇಬರು ಇವರನ್ನು ಕಾರಿಡಾರಿನಲ್ಲಿ ಹಿಡಿದು, "ನಿಮ್ಮ ಮಿಸೆಸ್ ಬರ್ತಾರೇನ್ರಿ?" ಎಂದು ಕೇಳಿದ್ದಾರೆ. ಈ ಪುಣ್ಯಾತ್ಮರು ನಿಂತ ಕಾಲಲ್ಲೇ, "ಇಲ್ಲ ಸಾರ್, ಅವಳಿಗೆ ಇಷ್ಟ ಇಲ್ಲ" ಎಂದುಬಿಟ್ಟಿದ್ದಾರೆ.

ನಾನು ಮನೆಯಲ್ಲಿ ಹಿಡಿದು ಕೇಳಿದರೆ ಸಿಕ್ಕ ಉತ್ತರ, "ಆ ಕೆಲಸದ ವಿಷಯ ಎತ್ತಿದಾಗ ನೀನು ಸುಮ್ನಿದ್ಯಲ್ಲ. ಬೇಡ ಅಂದ್ಕೊಂಡೆ."

ನಾನು ಸುಮ್ಮನಿದ್ದದ್ದು ನಿದ್ದೆ ಹತ್ತಿದ್ದರಿಂದ! ದಿಂಬಿಗೆ ತಲೆ ಕೊಟ್ಟವಳ ಹತ್ತಿರ ಕೆಲಸದ ಮಾತೆತ್ತಿ, ಅವಳು ಮಗ್ಗುಲು ಬದಲಿಸಿದ್ದನ್ನು ಉತ್ತರ ಎಂದು ಎಣಿಸಿದವರು ಇವರು. ಮೌನಂ ಸಮ್ಮತಿ ಲಕ್ಷಣಂ ಎಂದು ಲೋಕವೆಲ್ಲ ಹೇಳಿದರೆ, ಇವರಿಗೆ ಹೆಂಡತಿಯ ಮೌನ ಅಸಮ್ಮತಿಯ ಲಕ್ಷಣ. ಒಟ್ಟಿನಲ್ಲಿ ನನ್ನ ಬಾಯಿಂದ ಬರಬೇಕಾದದ್ದು ಇವರ ಬಾಯಿಂದ ಬಂತು. ನನಗೆ ಉರಿದುಹೋಯಿತು.

ನಾನೇ ಹೋಗಿ ಸಾಹೇಬರನ್ನು ಕಂಡೆ. ಅವರಿಗೆ ಮಿಲ್ಲಿನಲ್ಲಿ ಗಡಿಯಾರ ಸಾಹೇಬರು ಎಂದು ಅಡ್ಡಹೆಸರು. ಎದುರಿಗಿರುವವರ ಮುಖಕ್ಕಿಂತ ತಮ್ಮ ಮಣಿಕಟ್ಟನ್ನೇ ಹೆಚ್ಚು ನೋಡುವವರು. "ಹಾಗಾದ್ರೆ ದೊಡ್ಡ ಫ್ಯಾನಿನ ಅಳತೆ ನೀವೇ ಮಾಡಿ ತೋರಿಸಿ. ಸರಿಯಾಗಿ ಬಂದ್ರೆ ಆ ಜಾಗ ನಿಮ್ಮದು. ಏನಾದ್ರೂ ಸುಟ್ಟರೆ ಮಾತ್ರ ಮತ್ತೆ ಕೇಳಬೇಡಿ" ಎಂದರು. ಸೆನ್ಸರುಗಳು ಹೊಸವು, ದುಬಾರಿಯವು. ಅವರ ಭಯವೂ ನ್ಯಾಯವಾದದ್ದೇ.

ದೊಡ್ಡ ಫ್ಯಾನೆಂದರೆ ಕಾಗದ ಒಣಗಿಸುವ ದೊಡ್ಡ ಕೋಣೆಯ ಬಿಸಿಗಾಳಿಯನ್ನೆಲ್ಲ ಹೊರಗೆ ಎಳೆಯುವ ಫ್ಯಾನು, ಆಳೆತ್ತರದ್ದು. ಅದರ ಹತ್ತಿರ ಕೈಯಾಡಿಸುವ ಫಿಟ್ಟರ್ ಯಾರು? ಇನ್ನಾರು, ನಮ್ಮ ಮನೆಯವರೇ.

ನಾವು ಮಾತು ಬಿಟ್ಟದ್ದು ಮಿಲ್ಲಿಗೆಲ್ಲ ಗೊತ್ತಾಗಿತ್ತು. ಈಗ ಇಬ್ಬರೂ ಒಂದೇ ಕೇಬಲ್ಲಿನ ಎರಡು ತುದಿಗೆ ನಿಂತಿದ್ದೆವು. ಫ್ಯಾನಿರುವ ಕೋಣೆಯಲ್ಲಿ ಇವರು, ಗೋಡೆಯ ಈಚೆ ಮೇಜಿನ ಮುಂದೆ ನಾನು. ಮೇಜಿನ ಮೇಲೆ ಒಂದು ಪರದೆ, ಪಕ್ಕದಲ್ಲಿ ದಪ್ಪ ಪುಸ್ತಕದ ಗಾತ್ರದ ಮಾಡ್ಯೂಲು. ಅದಕ್ಕೆ ನಾಲ್ಕು ಸಾಕೆಟ್ಟು, ನಾಲ್ಕಕ್ಕೂ ಸೇರಿ ಒಂದು ಸ್ವಿಚ್ಚು. ಸೆನ್ಸರೆಂದರೆ ಹೆಬ್ಬೆರಳಿನ ತುದಿಯಷ್ಟಿರುವ ಉಕ್ಕಿನ ಗುಂಡು, ಯಂತ್ರಕ್ಕೆ ಅಂಟಿಕೊಳ್ಳಲು ಅಡಿಯಲ್ಲೊಂದು ಮ್ಯಾಗ್ನೆಟ್ಟು. ಸ್ವಿಚ್ಚು ಹಾಕಿದರೆ ಮಾಡ್ಯೂಲು ಸೆನ್ಸರಿಗೆ ಚೂರು ಕರೆಂಟು ಉಣಿಸುತ್ತದೆ, ಸೆನ್ಸರು ಯಂತ್ರದ ನಡುಕವನ್ನು ಅದೇ ಕೇಬಲ್ಲಿನಲ್ಲಿ ವಾಪಸು ವರದಿ ಮಾಡುತ್ತದೆ. ಆದರೆ ಇನ್ನೊಂದು ಜಾತಿಯ ಸೆನ್ಸರೂ ಇದೆ. ನೋಡಲು ಇದರ ಅವಳಿ, ಕರೆಂಟನ್ನು ಮಾತ್ರ ಬೇರೆ ಕಡೆಯಿಂದ ಪಡೆಯುವಂಥದ್ದು. ಅದಕ್ಕೆ ಮಾಡ್ಯೂಲಿನ ಕರೆಂಟು ಉಣಿಸಿದರೆ ಸತ್ತೇ ಹೋಗುತ್ತದೆ.

ಹಾಗಾಗಿ ನಮ್ಮಲ್ಲೊಂದು ಪದ್ಧತಿ. ಗೋಡೆಯ ಈಚೆಯಿಂದ ಒಬ್ಬರು ಕೂಗಬೇಕು, ಆಚೆಯಿಂದ ಇನ್ನೊಬ್ಬರು ಅದನ್ನೇ ತಿರುಗಿ ಕೂಗಬೇಕು. ಉತ್ತರ ಬರದೆ ಮುಂದಿನ ಹೆಜ್ಜೆ ಇಲ್ಲ. ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ, ಕೆಮ್ಮಿದರೂ ಲೆಕ್ಕಕ್ಕಿಲ್ಲ. ಮನೆಯಲ್ಲಿ ನನ್ನ ಹತ್ತಿರ ಬಾಯಿ ಬಿಡದ ಗಂಡಸು ಇಲ್ಲಿ ನಾಲ್ಕು ಜನರೆದುರು ಕೂಗಲೇಬೇಕು. ಆ ಪದ್ಧತಿ ಮಾಡಿದ ಮಹಾನುಭಾವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಗಡಿಯಾರ ಸಾಹೇಬರು ನನ್ನ ಬೆನ್ನ ಹಿಂದೆ ಬಂದು ನಿಂತರು. ಸ್ಟೋರಿನವರು, ಎಲೆಕ್ಟ್ರಿಷಿಯನ್ನು ಎಲ್ಲರೂ ಕೆಲಸವಿಲ್ಲದಿದ್ದರೂ ಕೆಲಸವಿರುವ ಮುಖ ಮಾಡಿಕೊಂಡು ಬಾಗಿಲಲ್ಲಿ ಸೇರಿದರು.

"ಫ್ಯಾನು ನಿಂತಿದೆಯಾ?" ಎಂದು ಕೂಗಿದೆ.

"ಫ್ಯಾನು ನಿಂತಿದೆ!"

"ಮೇನ್ ಸ್ವಿಚ್ಚಿಗೆ ನಿಮ್ಮ ಬೀಗ ಹಾಕಿದೀರಾ?"

"ಹಾಕಿದೀನಿ! ಬೀಗದಕೈ ನನ್ನ ಜೇಬಲ್ಲೇ ಇದೆ. ನನ್ನ ವಸ್ತು ನಾನು ಬೇರೆಯವರ ಕೈಗೆ ಕೊಡಲ್ಲ!"

"ಒಳ್ಳೇದು! ಬೇರೆಯವರ ಮಾತನ್ನೂ ನೀವೇ ಆಡಬೇಡಿ!"

ಬಾಗಿಲಲ್ಲಿ ಯಾರೋ ನಕ್ಕರು. ಸಾಹೇಬರು, "ಇದೂ ಪದ್ಧತಿಯಲ್ಲಿದೆಯಾ?" ಎಂದರು. "ಇದೆ ಸಾರ್, ಹೊಸದಾಗಿ ಸೇರಿಸಿದ್ದು" ಎಂದೆ.

"ಮಾಡ್ಯೂಲಿನ ಕರೆಂಟು ಆಫ್!" ಎಂದು ಕೂಗಿದೆ.

"ಕರೆಂಟು ಆಫ್!"

"ಸೆನ್ಸರನ್ನ ಓರೆ ಮಾಡಿ ಮೆಲ್ಲಗೆ ಕೂರಿಸಿ. ಮ್ಯಾಗ್ನೆಟ್ಟು ಟಪ್ ಅಂತ ಬಡಿದ್ರೆ ಅದರ ಜೀವಕ್ಕೆ ಪೆಟ್ಟು!"

"ಓರೆ ಮಾಡಿದೀನಿ, ಮೆಲ್ಲಗೆ ಕೂರಿಸಿದೀನಿ! ನಾನು ಯಾರಿಗೂ ಪೆಟ್ಟು ಕೊಡೋನಲ್ಲ!"

"ಕೊಡೋರೆಲ್ಲ ಹೀಗೇ ಹೇಳೋದು!"

ಕೇಬಲ್ಲಿನಲ್ಲಿ ಸುಮ್ಮನೆ ಕೂತಿರುವ ಕರೆಂಟು ಸೆನ್ಸರಿನ ಒಳಗೆ ಜಿಗಿಯದಂತೆ, ಕೇಬಲ್ಲಿನ ನಡುವಿನ ಪಿನ್ನನ್ನು ಹೊರಗಿನ ಲೋಹಕ್ಕೆ ಒಮ್ಮೆ ಮುಟ್ಟಿಸಿಯೇ ಸಿಕ್ಕಿಸಬೇಕು. ಅದನ್ನೂ ಕೂಗಿದೆ, ಅದಕ್ಕೂ ಉತ್ತರ ಬಂತು. ಕೇಬಲ್ಲನ್ನು ಫ್ಯಾನು ತಿರುಗಿಸುವ ಶಾಫ್ಟಿನಿಂದ ದೂರ ಕಟ್ಟಿದ್ದಾಯಿತು. ಒಂದು ಮುಗಿಯಿತು, ಎರಡು ಮುಗಿಯಿತು, ಮೂರೂ ಮುಗಿಯಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಗತೊಡಗಿತ್ತು. ಇವರು ನನಗೆಂದು ದನಿ ಎತ್ತಿ ಎಷ್ಟು ದಿನವಾಗಿತ್ತು! ಬೈಗುಳವೇ ಆದರೂ ಅದು ನೇರವಾಗಿ ನನಗೇ ಬರುತ್ತಿತ್ತು, ಅತ್ತೆಯ ಮೂಲಕ ಅಲ್ಲ.

"ನಾಲ್ಕನೇದು ಸಿಕ್ಕಿಸಿದ್ರಾ?"

ಉತ್ತರವಿಲ್ಲ.

"ನಾಲ್ಕನೇದು ಸಿಕ್ಕಿಸಿದ್ರಾ?"

ಗೋಡೆಯ ಆಚೆ ಗಪ್‌ಚುಪ್. ಪದ್ಧತಿಗೆ ಹೊಸದಾಗಿ ಸೇರಿಸಿದ ಮಾತು ಇವರಿಗೆ ನಾಟಿರಬೇಕು, ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ ಎಂದುಕೊಂಡೆ. ಇವರ ಈ ಸುಮ್ಮನಿರುವಿಕೆ ನನಗೆ ಹೊಸದೇ? ಊಟ ಬಡಿಸಲಾ ಎಂದರೆ ಸುಮ್ಮನೆ, ಅಂದರೆ ಬಡಿಸು ಎಂದರ್ಥ. ಅಂಗಡಿಗೆ ಹೋಗೋಣವಾ ಎಂದರೆ ಸುಮ್ಮನೆ, ಅಂದರೆ ಚಪ್ಪಲಿ ಹುಡುಕುತ್ತಿದ್ದಾರೆ ಎಂದರ್ಥ. ಮದುವೆಯಾದಾಗಿನಿಂದ ಇವರ ಮೌನಕ್ಕೆಲ್ಲ ಹೂಂ ಎಂದೇ ಅರ್ಥ ಮಾಡಿಕೊಂಡು ಸಂಸಾರ ತೂಗಿಸಿದವಳು ನಾನು. ಬೆರಳು ತಾನಾಗಿಯೇ ಸ್ವಿಚ್ಚಿನ ಮೇಲೆ ಹೋಗಿ ಕೂತಿತು.

"ಸಿಕ್ಕಿಸಿರ್ತಾರೆ ಬಿಡಿ. ಸುಮ್ನಿದಾರೆ ಅಂದ್ರೆ ಆಯ್ತು ಅಂತ ತಾನೆ? ಹಾಕಿ, ಹಾಕಿ" ಎಂದು ಸಾಹೇಬರು ಮಣಿಕಟ್ಟು ನೋಡಿಕೊಂಡರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬೆರಳು ಬೆಂಕಿ ಮುಟ್ಟಿದ ಹಾಗೆ ಹಿಂದೆ ಬಂತು. ನಾನು ಯಾವುದಕ್ಕೆಂದು ಇಷ್ಟು ರಂಪ ಮಾಡಿದ್ದೆನೋ ಅದನ್ನೇ ಮಾಡಹೊರಟಿದ್ದೆ.

"ಸುಮ್ನಿದ್ರೆ ಆಯ್ತು ಅಂತ ಅಲ್ಲ ಸಾರ್. ಸುಮ್ನಿದ್ರೆ ಗೊತ್ತಿಲ್ಲ ಅಂತ. ನಾನು ನೋಡಿಕೊಂಡು ಬರ್ತೀನಿ."

"ಹೊತ್ತಾಗುತ್ತೆ. ನೀವು ಇಷ್ಟು ಅನುಮಾನದವರಾದ್ರೆ ವಿಭಾಗ ಹೇಗೆ ನಡೆಸ್ತೀರಿ?"

ಕೆಲಸ ಕೈತಪ್ಪಿತು ಎಂದೇ ಎನಿಸಿತು. ಆದರೂ ಎದ್ದೆ. ಮಾಡ್ಯೂಲಿನ ಪವರ್ ಕೇಬಲ್ಲನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೋದೆ. ನಾನಿಲ್ಲದಾಗ ಯಾರ ಬೆರಳಿಗೆ ಏನು ಉತ್ಸಾಹ ಬರುತ್ತದೋ ಹೇಳಲಾಗದು.

ಇವರು ಶಾಫ್ಟು ಹೊತ್ತಿರುವ ಬೇರಿಂಗಿನ ಕೆಳಗೆ ಅಂಗಾತ ಮಲಗಿದ್ದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ಸೆನ್ಸರಿನ ಮೇಲೆ.

"ಬಾಯಲ್ಲೇನು ಕಡುಬು ತುರುಕ್ಕೊಂಡಿದೀರಾ?" ಎಂದೆ.

"ಹ್ಞೂಂ ಹ್ಞೂಂ" ಎಂದರು. ಕಡುಬಲ್ಲ, ಸೆನ್ಸರಿನ ಮುಚ್ಚಳ. ಬಾಯಲ್ಲಿ ಕಚ್ಚಿಕೊಂಡಿದ್ದರು. ನನ್ನ ಮುಖ ಕಂಡದ್ದೇ ಅದನ್ನು ಉಗುಳಿ, "ಹಾಕ್ಬಿಟ್ಯಾ?" ಎಂದರು. ಮುಖ ಬಿಳಿಚಿತ್ತು.

"ಏನನ್ನ?"

"ಕರೆಂಟು! ಇದು ನಮ್ಮ ಜಾತಿ ಸೆನ್ಸರಲ್ಲ ಕಣೇ. ಸಿಕ್ಕಿಸಿದ ಮೇಲೆ, ಈಗ ತಾನೇ ಮೈಮೇಲಿನ ಅಕ್ಷರ ನೋಡಿದೆ. ಸ್ಟೋರಿನೋರು ಡಬ್ಬಿ ಅದಲು ಬದಲು ಮಾಡಿದಾರೆ. ನೀನು ಕೂಗಿದಾಗ ಎರಡು ಕೈಯೂ ಬಿಡೋ ಹಾಗಿರ್ಲಿಲ್ಲ, ಬಾಯಲ್ಲಿದು. ನಾನು ಸುಮ್ನಿದ್ದೆ ಅಂತ ನೀನು ಹಾಕೇ ಬಿಟ್ಟಿರ್ತೀಯ ಅಂದ್ಕೊಂಡೆ. ಆ ಕೆಲಸ ನನ್ನಿಂದ್ಲೇ ಹೋಯ್ತು ಅಂದ್ಕೊಂಡೆ."

ನಾನು ಕೈಯಲ್ಲಿದ್ದ ಪವರ್ ಕೇಬಲ್ಲು ತೋರಿಸಿದೆ. ಇವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಕೂತು ಪ್ಯಾಂಟಿಗೆ ಕೈ ಒರೆಸಿಕೊಂಡರು.

"ತಪ್ಪಾಯ್ತು" ಎಂದರು. ಸೆನ್ಸರಿನ ಬಗ್ಗೆ ಅಲ್ಲ ಎಂದು ನನಗೆ ಗೊತ್ತಿತ್ತು.

"ನಾನೂ ಹಾಕೋದ್ರಲ್ಲೇ ಇದ್ದೆ. ಬೆರಳು ಇಟ್ಟಿದ್ದೆ" ಎಂದೆ. ಹೇಳದಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಆದರೆ ಹೇಳಿದೆ.

ಬಾಗಿಲಲ್ಲಿ ಗುಂಪಾಗಿದ್ದ ಸ್ಟೋರಿನವರು ಒಬ್ಬೊಬ್ಬರಾಗಿ ಕರಗಿದರು. ಒಬ್ಬರು ಸರಿಯಾದ ಸೆನ್ಸರು ಹಿಡಿದುಕೊಂಡು ಓಡಿ ಬಂದರು. ಉಳಿದದ್ದೆಲ್ಲ ಸರಾಗ. ಕೂಗಿದೆ, ಉತ್ತರ ಬಂತು, ಕರೆಂಟು ಕೊಟ್ಟೆ. ಇವರು ಗೆಣ್ಣಿನಿಂದ ಒಂದೊಂದೇ ಸೆನ್ಸರನ್ನು ತಟ್ಟಿದರು, ಪರದೆಯ ಮೇಲೆ ಒಂದೊಂದೇ ಗೆರೆ ನೆಗೆಯಿತು. ಬೀಗ ತೆಗೆದು ಫ್ಯಾನು ಓಡಿಸಿದೆವು. ಬೆಲ್ಟಿನ ಕಡೆಯ ಬೇರಿಂಗು ಸವೆದಿದೆ ಎಂದು ಗೆರೆ ಸ್ಪಷ್ಟವಾಗಿ ತೋರಿಸಿತು.

ಗಡಿಯಾರ ಸಾಹೇಬರು ಆ ತಪ್ಪು ಸೆನ್ಸರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಗಡಿಯಾರ ನೋಡಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಇವರ ಕಡೆ ತಿರುಗಿ, "ಏನ್ರಿ, ನಿಮ್ಮ ಮಿಸೆಸ್ಸಿಗೆ ಆ ಕೆಲಸ ಬೇಕಾ?" ಎಂದರು.

ಇವರು ಬಾಯಿ ತೆರೆದರು, ಮುಚ್ಚಿದರು. "ಅವಳೇ ಇಲ್ಲಿದಾಳಲ್ಲ ಸಾರ್. ಅವಳನ್ನೇ ಕೇಳಿ."

"ಬೇಕು ಸಾರ್" ಎಂದೆ. ಕಾಗದ ಒಣಗಿಸುವ ಕೋಣೆಯ ಆ ಮೂಲೆಗೂ ಕೇಳಿಸಿರಬೇಕು.

ಸಂಜೆ ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟೆವು. ನಾನು ಬಿಡದೆ ಮಾತಾಡಿದೆ, ಬಾಕಿ ಬಹಳವಿತ್ತು. ಹೊಸ ಕಟ್ಟಡ, ಹೊಸ ಮೇಜು, ಯಾರ್ಯಾರು ನನ್ನ ಕೈಕೆಳಗೆ, ಎಲ್ಲವನ್ನೂ ಹೇಳಿದೆ. ಇವರು ಹೂಂಗುಟ್ಟುತ್ತಾ ಬಂದರು. ತಿರುವಿನಲ್ಲಿ, "ನಿಮಗೆ ಬೇಜಾರಿಲ್ಲ ತಾನೆ?" ಎಂದು ಕೇಳಿದೆ.

ಇವರು ಸುಮ್ಮನಾದರು.

ನಾನು ಅಲ್ಲೇ ನಿಂತೆ. ಹಿಂದೆ ಬರುತ್ತಿದ್ದವರು ಗೊಣಗುತ್ತಾ ನಮ್ಮನ್ನು ಬಳಸಿಕೊಂಡು ಹೋದರು. ಒಬ್ಬರ ಸೈಕಲ್ಲು ನನ್ನ ಚೀಲಕ್ಕೆ ತಾಗಿತು. ನಾನು ಅಲುಗಾಡಲಿಲ್ಲ.

"ಬೇಜಾರಿದೆ" ಎಂದರು ಕೊನೆಗೆ. "ತುಂಬಾ ಇದೆ. ನೀನು ಸುಮ್ನಿದ್ದೆ, ಬೇಡ ಅಂದ್ಕೊಂಡೆ ಅಂದಿದ್ದು ಬರೀ ನೆಪ. ನಿನಗೆ ಆ ಕೆಲಸ ಬೇಕು ಅಂತ ನನಗೆ ಗೊತ್ತಿತ್ತು. ನೀನು ಹೊಸ ಕಟ್ಟಡಕ್ಕೆ ಹೋಗಿ ಗೋಡೆ ಆಚೆ ಬೇರೆ ಯಾರದೋ ದನಿ ಇದ್ರೆ ಆ ಫ್ಯಾನಿನ ಅಡಿ ಕೈ ಹಾಕೋಕೆ ನನಗೆ ಹೆದರಿಕೆ. ಅದನ್ನ ಹೇಳೋಕೆ ನಾಚಿಕೆಯಾಯ್ತು."

ನನಗೆ ಕೋಪವೂ ಬಂತು, ಅಳುವೂ ಬಂತು. ಯಾವುದು ಮೊದಲು ಎಂದು ತಿಳಿಯದೆ ಇವರ ತೋಳು ಹಿಡಿದುಕೊಂಡೆ.

"ನನಗೂ ಹೆದರಿಕೆ, ಹೊಸಬರು ನಿಮ್ಮನ್ನ ಸರಿಯಾಗಿ ಕೇಳಿಸ್ಕೊಳ್ತಾರೋ ಇಲ್ವೋ ಅಂತ" ಎಂದೆ. "ಆದ್ರೂ ನಾನು ಹೋಗ್ತೀನಿ ರೀ."

"ಹೋಗು" ಎಂದರು.