ಸಂಬಂಧಿಕರನ್ನು ಹೊರತುಪಡಿಸಿ

ಸಾರ್ವಜನಿಕ ನೀತಿಯಲ್ಲಿ ಎಂ.ಎ. ಮಾಡುವವರ ವರದಿಗಳು ಸಾಮಾನ್ಯವಾಗಿ ವಿಭಾಗದ ಕಪಾಟಿನಲ್ಲಿ ಧೂಳು ತಿನ್ನುತ್ತ ಇರುತ್ತವೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ನನ್ನ ವರದಿ ಮಾತ್ರ ಕಪಾಟು ಬಿಟ್ಟು ಹೊರಗೆ ಬಂತು. ಅದರಲ್ಲಿದ್ದ ಶಿಫಾರಸನ್ನು ಬಸ್ ಡಿಪೋದವರು ಓದಿದರು, ಒಪ್ಪಿದರು, ಜಾರಿಗೂ ತಂದರು.

ನಾನು ಯಲ್ಲೇಶ. ಕೆಎಎಸ್ ಪರೀಕ್ಷೆ ನನ್ನನ್ನು ಪದೇಪದೇ ಒಲ್ಲೆ ಎಂದ ಮೇಲೆ, ಸರಕಾರದ ಒಳಗೆ ಹೋಗಲಾಗದಿದ್ದರೆ ಹೊರಗೆ ನಿಂತು ಅದಕ್ಕೆ ಬುದ್ಧಿಯನ್ನಾದರೂ ಹೇಳೋಣ ಎಂದು ಬೆಳಗಾವಿಯಲ್ಲಿ ಈ ಕೋರ್ಸು ಸೇರಿದವನು. ರಾಮತೀರ್ಥ ನಗರದಲ್ಲಿ ಒಂದು ಕೋಣೆ, ಗೋಡೆಗೆ ಕರ್ನಾಟಕದ ನಕ್ಷೆ. ಊರು ಖಾನಾಪುರದಿಂದ ಕಣಕುಂಬಿಗೆ ಹೋಗುವ ರಸ್ತೆಯಿಂದ ಒಳಕ್ಕೆ, ಕಾಡಿನ ಅಂಚಿಗೆ. ಎಮ್ಮೆ ಕಟ್ಟಿ ಬಾಳಿದ ಮನೆಗಳು. ನಮ್ಮವ್ವ ಕಾಡವ್ವ ದಿನಾ ಮಧ್ಯಾಹ್ನದ ಬಸ್ಸಿಗೆ ಮೊಸರು, ಬೆಣ್ಣೆ ಹೊತ್ತು ಖಾನಾಪುರದ ಮಾರ್ಕೆಟಿಗೆ ಹೋಗುತ್ತಾಳೆ. ಕಚೇರಿ ಬಿಟ್ಟವರು ಮನೆಗೆ ಹೋಗುವಾಗ ಕೊಳ್ಳುವುದರಿಂದ ವ್ಯಾಪಾರವೆಲ್ಲ ಸಂಜೆಯೇ. ಅದನ್ನು ಮುಗಿಸಿ ಏಳರ ಬಸ್ಸಿಗೆ ಊರ ಹೆಂಗಸರೆಲ್ಲ ಒಟ್ಟಿಗೆ ಮರಳುತ್ತಾರೆ. ನಾನು ನೀತಿ ಓದುತ್ತಿರುವುದು ಆ ಮೊಸರಿನ ಮೇಲೆಯೇ.

ಕ್ಷೇತ್ರ ಅಧ್ಯಯನಕ್ಕೆ ನಾನು ನಮ್ಮೂರಿನ ಬಸ್ಸನ್ನೇ ಆರಿಸಿಕೊಂಡೆ. ನನ್ನ ಮಾರ್ಗದರ್ಶಕಿ ಫಕ್ರುನ್ನಿಸಾ ಮೇಡಂ ಮೊದಲೇ ಎಚ್ಚರಿಸಿದ್ದರು. "ನಿಮ್ಮೂರಾಗ ಮಾಡ್ತೀರಿ, ಮಾಡ್ರಿ. ಆದ್ರ ಸಂಬಂಧಿಕರನ್ನಷ್ಟ ಕೇಳಿ ಬರಬ್ಯಾಡ್ರಿ. ಅವರು ನಿಮ್ಮ ಮುಖ ನೋಡಿ ಉತ್ತರ ಕೊಡ್ತಾರ."

ಈ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ನೆನೆದರೆ ಈಗಲೂ ತಲೆ ತಗ್ಗುತ್ತದೆ. ನಮ್ಮೂರಿನಲ್ಲಿ ಅತ್ತೆ, ಮಾವ, ಕಾಕಾ, ಚಿಗವ್ವ ಅಲ್ಲದವರು ಯಾರಿದ್ದಾರೆ? ರಕ್ತಸಂಬಂಧ ಇಲ್ಲದವರನ್ನೂ ಹುಟ್ಟಿದಾಗಿನಿಂದ ಕಾಕಾ ಎಂದೇ ಕರೆದಿದ್ದೇನೆ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊಡೆದುಹಾಕಿದೆ. ಕೊನೆಗೆ ಉಳಿದವರು ಬೆಳಿಗ್ಗೆ ಖಾನಾಪುರದಿಂದ ಬಂದು ಸಂಜೆ ತಿರುಗಿ ಹೋಗುವವರು: ಶಾಲೆಯ ಮಾಸ್ತರರು, ನರ್ಸಬಾಯಿ, ಲೈನ್‌ಮನ್, ಫಾರೆಸ್ಟ್ ಗಾರ್ಡ್, ಪಂಚಾಯಿತಿ ಗುಮಾಸ್ತ. ಅವರನ್ನೆಲ್ಲ ಕೂರಿಸಿ ಕೇಳಿದೆ. ಏಳಕ್ಕೆ ಖಾನಾಪುರ ಬಿಟ್ಟ ಬಸ್ಸು ಊರಿಗೆ ಬಂದು ತಮ್ಮನ್ನು ಹತ್ತಿಸಿಕೊಂಡು ಹೋಗುವಷ್ಟರಲ್ಲಿ ರಾತ್ರಿಯಾಗುತ್ತದೆ, ಅದು ಐದಕ್ಕೇ ಬಿಟ್ಟರೆ ಪುಣ್ಯ ಬರುತ್ತದೆ ಎಂದು ಒಬ್ಬರೂ ಬಿಡದೆ ಹೇಳಿದರು.

ಸಂಪೂರ್ಣ ಒಮ್ಮತ! ಅಂಥ ಒಮ್ಮತ ನಮ್ಮ ವಿಭಾಗದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಬಣ್ಣಬಣ್ಣದ ನಕ್ಷೆ ಹಾಕಿ ವರದಿ ಬರೆದೆ. ಅದಕ್ಕೆ ವರ್ಷದ ಅತ್ಯುತ್ತಮ ಅಧ್ಯಯನವೆಂಬ ಪ್ರಶಸ್ತಿ ಬಂತು, ಶಾಲು ಹೊದಿಸಿದರು. ಒಂದು ಪ್ರತಿಯನ್ನು ಡಿಪೋಕ್ಕೂ ಕಳಿಸಿದ್ದೆ. ಮುಂದಿನ ತಿಂಗಳಿಂದ ಬಸ್ಸು ಐದಕ್ಕೆ ಎಂದು ಅವರು ತಿಳಿಸಿದ ದಿನ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತಿದ್ದೆ.

ಬಸ್ಸಿನ ವೇಳೆ ಬದಲಾಗಿ ಕೆಲವು ವಾರಗಳಾದ ಮೇಲೆ, ಶಾಲನ್ನು ಅವ್ವನಿಗೆ ತೋರಿಸೋಣ ಎಂದು ಹೊರಟೆ. ಖಾನಾಪುರದಲ್ಲಿ ಇಳಿದಾಗ ಮಾರ್ಕೆಟ್ಟು ತುಂಬಿ ತುಳುಕುತ್ತಿತ್ತು. ಅವ್ವ ಕೂರುವ ಜಾಗ ಮಾತ್ರ ಖಾಲಿ. ಬಾಜು ತರಕಾರಿ ಮಾರುವವಳನ್ನು ಕೇಳಿದೆ.

"ಅವರೆಲ್ಲ ಐದರ ಬಸ್ಸಿಗೆ ಹೋದ್ರಲ್ರಿ. ಗಿರಾಕಿ ಬರೂದ್ರಾಗ ಎದ್ದು ಹೋಗ್ತಾರ ಪಾಪ. ಯಾವನೋ ಓದಿದ ಶಾಣ್ಯಾ ಬಸ್ಸು ಲಗೂ ಮಾಡ್ಸ್ಯಾನಂತ."

ಆ ಶಾಣ್ಯಾ ಸ್ಟ್ಯಾಂಡಿಗೆ ಬಂದು ನೋಡಿದರೆ ಊರಿಗೆ ಹೋಗಲು ಅವನಿಗೂ ಬಸ್ಸಿರಲಿಲ್ಲ. ಕೊನೆಗೆ ಇಟ್ಟಿಗೆ ಹೇರಿದ ಟೆಂಪೋ ಒಂದರ ಹಿಂಭಾಗದಲ್ಲಿ ಶಾಲಿನ ಚೀಲ ಅಪ್ಪಿಕೊಂಡು ಕೂತು ಮನೆ ಸೇರಿದೆ. ಮೈಯೆಲ್ಲ ಕೆಂಪಾಗಿತ್ತು.

ಒಳಗೆ ಮೊಸರಿನ ಗಡಿಗೆ ಅರ್ಧಕ್ಕರ್ಧ ಹಾಗೇ ಇತ್ತು. ಅವ್ವ ಅದನ್ನು ನನ್ನ ಕಣ್ಣಿಗೆ ಬೀಳದಂತೆ ಸೆರಗಿನಿಂದ ಮರೆ ಮಾಡುತ್ತ, "ಬಸ್ಸು ಲಗೂ ಮಾಡ್ಸಿದ್ದು ಚಲೋ ಆತು ನೋಡಪಾ. ಬೆಳಕ ಇರೂದ್ರಾಗ ಮನಿ ಸೇರತೀನಿ" ಅಂದಳು.

ಹೊರಗಿನಿಂದ ಸತ್ಯವ್ವ ಅತ್ತೆಯ ದನಿ ಕೇಳಿತು. ಅಪ್ಪನ ತಂಗಿ, ಅವ್ವನ ಜೊತೆಗೇ ಮೊಸರು ಮಾರುವವಳು. ಯಾವತ್ತೂ ಸೀದಾ ಒಲೆಯ ತನಕ ಬರುವವಳು ಅಂದು ಹೊಸ್ತಿಲು ದಾಟಲಿಲ್ಲ.

"ಬಂದ್ಯಾ ಅಳಿಯಾ? ಊರ ಮಂದೀನ ಬಿಟ್ಟು ಆ ಮಾಸ್ತರಗ ಕೇಳಿದೆಂತ? ನಾವೇನ್ ಸತ್ತಿದ್ವೇನು?"

"ಸಂಬಂಧಿಕರನ್ನ ಕೇಳಬಾರದು ಅಂತ ನಿಯಮ ಐತಿ, ಅತ್ತಿ."

"ಹೌದಾ? ನಿನ್ನ ಲಗ್ನಕ್ಕ ಹೆಣ್ಣ ನೋಡ್ರಿ ಅಂತ ಕೇಳಾಕ ಬರತಿ ಅಲ್ಲ, ಆವಾಗ ಈ ನಿಯಮ ನಾನೂ ಹೇಳತೀನಿ. ನಿಮ್ಮವ್ವ ಬ್ಯಾರೆ, 'ನನ್ನ ಮಗ ಓದಿದಾಂವ, ಏನರ ಯೋಚ್ನಿ ಮಾಡಿರತಾನ' ಅಂತ ನಮ್ಮ ಕೂಡ ಜಗಳಾ ತಗದು ಮಾತ ಬಿಟ್ಟಾಳ. ಬಸ್ಸಿನ್ಯಾಗ ಒಬ್ಬಾಕೀನ ಕುಂಡರತಾಳ."

ಅವ್ವ ಒಲೆಯ ಕಡೆಗೆ ತಿರುಗಿದಳು. ಮೊಸರು ಹೋದರೆ ಹೋಗಲಿ, ಜೀವಮಾನದ ಗೆಳತಿಯರನ್ನೂ ನನ್ನ ವರದಿ ಕಿತ್ತುಕೊಂಡಿತ್ತು. ಶಾಲು ಚೀಲದಲ್ಲೇ ಉಳಿಯಿತು.

ಮರುದಿನವೇ ಡಿಪೋಕ್ಕೆ ಹೋದೆ. ಅಲ್ಲಿನ ಸಾಹೇಬರು ಗುರುಪುತ್ರಪ್ಪನವರು, ಒಳ್ಳೆಯ ಮನುಷ್ಯ. ಚಹಾ ತರಿಸಿ ನನ್ನ ವರದಿಯನ್ನು ಮುಂದಿಟ್ಟುಕೊಂಡು ಕೂತರು.

"ನೀವ ಬರದಿದ್ದು. ಬಸ್ಸು ಬದಲಿಸಬ್ಯಾಡ್ರಿ ಅನ್ನೂವಾಂವ ಒಬ್ಬನೂ ಇಲ್ಲ ಅಂತ ನೀವ ಹೇಳೀರಿ. ಈಗ ನೀವ ಬ್ಯಾಡ ಅಂದ್ರ ಹೆಂಗ್ರಿ? ಇನ್ನೊಂದು ಅಧ್ಯಯನ ಮಾಡಿ ತರ್ರಿ, ನೋಡೂಣು."

ಬೆಳಗಾವಿಗೆ ಮರಳಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು, ಆಮೇಲೆ ಗಂಭೀರವಾದರು. "ಸಂಬಂಧಿಕರನ್ನಷ್ಟ ಕೇಳಬ್ಯಾಡ್ರಿ ಅಂದಿದ್ದೆ. ಸಂಬಂಧಿಕರನ್ನ ಕೇಳಲೇಬ್ಯಾಡ್ರಿ ಅಂದಿದ್ನೇನ್ರಿ? ಹಳೇ ವರದಿ ಹಿಂದ ತಗೋಬೇಕು. ಪ್ರಶಸ್ತಿ ಹೋಗತದ, ಪದವಿ ಆರು ತಿಂಗಳು ಮುಂದ ಹೋಗತದ. ನಡೀತದ?"

ನಡೆಯುತ್ತದೆ ಎಂದೆ. ಗಟ್ಟಿಯಾಗಿ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಖಾನಾಪುರದ ಸ್ಟ್ಯಾಂಡಿನಲ್ಲಿ ಐದರ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ನಡುವೆ ಕೂತು ಹೊಸ ಅಧ್ಯಯನ ಶುರು ಮಾಡಿದೆ. ಈ ಸಲ ಎಲ್ಲರೂ ಸಂಬಂಧಿಕರು. ಮುಖ ನೋಡಿ ಉತ್ತರ ಕೊಡುತ್ತಾರೆಂದು ಮೇಡಂ ಹೆದರಿದ್ದು ಸುಳ್ಳಾಯಿತು. ನನ್ನ ಮುಖವನ್ನೇ ನೋಡುತ್ತ ಒಬ್ಬೊಬ್ಬರೂ ನನ್ನ ಜನ್ಮ ಜಾಲಾಡಿದರು. ಸತ್ಯವ್ವ ಅತ್ತೆಯ ಉತ್ತರ ಅವಳು ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಮುಂದುವರಿಯಿತು. ಎಲ್ಲರಿಗೂ ಬೇಕಾದದ್ದು ಏಳರ ಬಸ್ಸು.

ಕೊನೆಗೆ ಉಳಿದವಳು ಅವ್ವ. ಬಸ್ಸಿನಲ್ಲಿ ಒಬ್ಬಳೇ, ಮುಂದಿನ ಸೀಟಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಮಾರದೆ ಉಳಿದ ಮೊಸರಿನ ಗಡಿಗೆ. ನಾನು ಹತ್ತಿರ ಹೋಗಿ ಕೇಳಿದೆ. "ಅವ್ವಾ, ಬಸ್ಸು ಯಾವಾಗ ಬಿಡಬೇಕು? ಖರೇ ಹೇಳು."

ಹಿಂದೆ ಕೂತವರೆಲ್ಲ ಮುಂದಕ್ಕೆ ಬಾಗಿದರು. ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. "ನನ್ನ ಮಗ ಮಾಡಿದ ವೇಳ್ಯಾನ ಚಲೋ ಐತಿ. ಐದ ಇರ್ಲಿ. ಹಂಗಂತ ಬರ್ಕೋ."

ಬರೆದುಕೊಂಡೆ. ಬೇರೇನು ಮಾಡಲಿ, ಹೇಳಿದ್ದನ್ನು ಹೇಳಿದಂತೆ ಬರೆಯಬೇಕೆಂದು ಕಲಿತಿದ್ದೆ.

ಗುರುಪುತ್ರಪ್ಪನವರು ಮಾತಿಗೆ ತಪ್ಪಲಿಲ್ಲ. ಹಳೆಯ ಬಸ್ಸು ಏಳಕ್ಕೆ ಮರಳಿತು, ಮಾಸ್ತರರ ಪಾಲಿಗೆ ಬೇರೊಂದು ಬಸ್ಸು ಹೊಂದಿಸುವ ಯೋಚನೆ ಡಿಪೋದಲ್ಲಿ ಇನ್ನೂ ನಡೆದಿದೆ. ಆ ಮಾಸ್ತರರು ನನಗೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾರೆ. ಅವ್ವ ಈಗ ಬಸ್ಸಿನಲ್ಲಿ ಸತ್ಯವ್ವ ಅತ್ತೆಗೆ ಜಾಗ ಹಿಡಿದಿಡುತ್ತಾಳೆ, ನನ್ನ ಮಗ ಒಂದೇ ಬಸ್ಸನ್ನು ಎರಡು ಸಲ ಬದಲಿಸಿದ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ.

ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಪರೀಕ್ಷಕರೊಬ್ಬರು ಬಂದಿದ್ದರು. ಹೊಸ ವರದಿಯನ್ನು ತಿರುವಿ ಹಾಕಿ ಒಂದು ಪುಟದ ಮೇಲೆ ಬೆರಳಿಟ್ಟರು.

"ಎಲ್ಲಾರೂ ಏಳು ಅಂದಾರ. ಇವರೊಬ್ಬರು ಐದು ಇರ್ಲಿ ಅಂದಾರ. ಇವರೂ ಮಾರ್ಕೆಟಿಗೆ ಹೋಗೂವಂಥವರು, ನಷ್ಟ ಆಗೂದೂ ಇವರಿಗೇ. ಮತ್ತ ಯಾಕ ಹಂಗ ಹೇಳಿದ್ರು? ಕಾರಣ ಬರದೇ ಇಲ್ಲಲ್ರಿ ನೀವು."

ಕೋರ್ಸಿನಲ್ಲಿ ಕಲಿತ ದೊಡ್ಡ ದೊಡ್ಡ ಪದಗಳು ಒಂದಿಷ್ಟು ನಾಲಗೆಯ ತುದಿಗೆ ಬಂದವು. ಅವನ್ನೆಲ್ಲ ಅಲ್ಲೇ ಬಿಟ್ಟೆ.

"ಅವರು ನಮ್ಮವ್ವ ರೀ ಸರ್" ಅಂದೆ.

ಫಕ್ರುನ್ನಿಸಾ ಮೇಡಂ ತಮ್ಮ ಮುಂದಿದ್ದ ನೀರಿನ ಗ್ಲಾಸನ್ನು ನನ್ನ ಕಡೆಗೆ ಸರಿಸಿದರು.