ಸತ್ತ ಶಾಟಿನ ನಗು

ನಾನೊಂದು ವಿಗ್ಗು. ಸಾಮಾನ್ಯ ವಿಗ್ಗಲ್ಲ ಸ್ವಾಮಿ, ದೆವ್ವದ ವಿಗ್ಗು. ಹೀರೋಯಿನ್ ತಲೆಯ ಮೇಲೆ ಕೂತು ಮಲ್ಲಿಗೆ ಮುಡಿಯುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಮುಖದ ಮೇಲೆ ಜೋತುಬಿದ್ದು ಜನರನ್ನು ಹೆದರಿಸುವುದೇ ನನ್ನ ಕಸುಬು. ಹೆದರಿದವರು ಕಮ್ಮಿ, ನಕ್ಕವರೇ ಜಾಸ್ತಿ. ಆ ನಗುವಿನ ಸಂಗತಿಯನ್ನೇ ಹೇಳಬೇಕು.

ಗಾಂಧಿನಗರದ ಹಿಂದಿನ ಗಲ್ಲಿಯ ಒಂದು ಕೋಣೆಯಲ್ಲಿ ನಾನು ಹುಟ್ಟಿದೆ. ಮೇಕಪ್ ಕೆಲಸದ ಅಚ್ಚಣ್ಣ, ದೇವಸ್ಥಾನದಲ್ಲಿ ಹೆಂಗಸರು ಮುಡಿ ಕೊಟ್ಟ ಕೂದಲನ್ನು ತಂದು, ಸೀಗೆಪುಡಿಯಲ್ಲಿ ತೊಳೆದು, ಒಂದೊಂದೇ ಎಳೆಯನ್ನು ಬಲೆಗೆ ಗಂಟು ಹಾಕಿ ನನ್ನನ್ನು ಮಾಡಿದ. ಯಾರದೋ ಮಗುವಿನ ಜ್ವರ, ಯಾರದೋ ಗಂಡನ ಕುಡಿತ, ಯಾರದೋ ಬಂಜೆತನ, ಎಲ್ಲರ ಹರಕೆಯೂ ನನ್ನಲ್ಲಿ ಸಿಕ್ಕಿಕೊಂಡಿದೆ. ಅದಕ್ಕೋ ಏನೋ, ಬೇರೆಯವರ ಸಂಕಟ ನನಗೆ ಬೇಗ ತಿಳಿಯುತ್ತದೆ.

ನಮ್ಮದೆಲ್ಲ ಬಡವರ ದೆವ್ವದ ಸಿನಿಮಾ. ನಮ್ಮ ನಡುರಾತ್ರಿಗಳೆಲ್ಲ ಮಟಮಟ ಮಧ್ಯಾಹ್ನಗಳೇ! ದೊಡ್ಡ ಲೈಟುಗಳನ್ನು ತರಿಸಲು ಗತಿಯಿಲ್ಲದೆ, ಕ್ಯಾಮರಾಕ್ಕೆ ನೀಲಿ ಗಾಜು ಹಿಡಿದು ಉರಿಬಿಸಿಲನ್ನೇ ಬೆಳದಿಂಗಳು ಮಾಡುತ್ತಿದ್ದರು. ಹೀರೋಯಿನ್ ಬಾವಿಗೆ ಹಾರುತ್ತಾಳೆಯೇ, ಮರದಿಂದ ನೇತಾಡುತ್ತಾಳೆಯೇ? ಅದಕ್ಕೆಲ್ಲ ಡ್ಯೂಪ್ ಬೇಕು. ಆ ಡ್ಯೂಪ್ ಚಳ್ಳಕೆರೆ ಕಡೆಯ ತಿಪ್ಪೇಶ. ತೆಳ್ಳನೆಯ ಮೈ, ನೀಳ ಕತ್ತು. ಬಿಳಿ ಸೀರೆ ಉಡಿಸಿ, ನನ್ನನ್ನು ತಲೆಗೇರಿಸಿ, ಬೆನ್ನು ತಿರುಗಿಸಿ ನಿಲ್ಲಿಸಿದರೆ ಯಾವ ಮೋಹಿನಿಗೂ ಅವನು ಕಮ್ಮಿಯಿರಲಿಲ್ಲ. ಮುಖ ಮಾತ್ರ ಯಾವ ಸಿನಿಮಾದಲ್ಲೂ ತೋರಿಸಿರಲಿಲ್ಲ.

ನನ್ನನ್ನು ಅಂಟಿಸುವಾಗ ಗಮ್ಮು ಒಣಗಲಿ ಎಂದು ಅಚ್ಚಣ್ಣ ಅವನ ಹಣೆಯನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ. ಒಣಗಿದ ಮೇಲೂ ಹಿಡಿದೇ ಇರುತ್ತಿದ್ದ.

"ಒಣಗೈತಲ್ಲ ಅಚ್ಚಣ್ಣ?"

"ಸುಮ್ನಿರೋ. ನನ್ನ ಕೆಲ್ಸ ನಂಗೊತ್ತು."

ಒಬ್ಬನ ಬೆರಳು, ಇನ್ನೊಬ್ಬನ ಹಣೆಯ ನಡುವೆ ಇದ್ದವಳು ನಾನು. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಒಂದೇ ಕೋಣೆಯಲ್ಲಿ ಇದ್ದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು, ಉಪ್ಪು ಜಾಸ್ತಿಯಾಯಿತೆಂದು ಜಗಳವಾಡುತ್ತಿದ್ದರು. "ಗಂಡ ಹೆಂಡ್ತಿ ಬಂದ್ರಪ್ಪೋ" ಎಂದು ಯೂನಿಟ್ಟಿನವರು ತಮಾಷೆ ಮಾಡಿದರೆ ಇಬ್ಬರೂ ನಗುತ್ತಿದ್ದರು. ತಮಾಷೆಯಾಗಿ ಇರುವಷ್ಟು ದಿನ ಪರವಾಗಿಲ್ಲ, ನಿಜವೆಂದು ಗೊತ್ತಾದರೆ ಅವರೇ ಒದೆಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ದಿನ ಗಜೇಂದ್ರ ಎಂಬ ಹೊಸ ಡೈರೆಕ್ಟರ್ ಕೋಣೆಗೇ ಬಂದ. "ಈ ಸಲ ದೆವ್ವ ಹೆಂಗಸಲ್ಲ, ಗಂಡಸು. ಗೆಳೆಯನನ್ನ ಪ್ರೀತಿಸ್ದ ಅಂತ ಮನೆಯವರೇ ಕೊಂದು ಬಾವಿಗೆ ಹಾಕಿರ್ತಾರೆ. ಸತ್ತ ಮೇಲೆ ಗೆಳೆಯನ್ನ ಹುಡುಕ್ಕೊಂಡು ಬರ್ತಾನೆ. ತಿಪ್ಪೇಶ, ನೀನೇ ಮಾಡು. ಮುಖ ತೋರಿಸ್ತೀನಿ" ಎಂದ.

ಅಚ್ಚಣ್ಣ ಗಾಬರಿಯಾದ. "ಇಂಥದ್ದಕ್ಕೆ ಒಪ್ತಾರಾ ಸಾರ್?"

"ಬದುಕಿರೋರ ಕಥೆ ಅಂದ್ರೆ ಒಪ್ಪಲ್ಲ ಅಚ್ಚಣ್ಣ. ದೆವ್ವ ಏನ್ ಮಾಡಿದ್ರೂ ಯಾರು ಕೇಳ್ತಾರೆ?"

ಗಂಡು ದೆವ್ವಕ್ಕೆ ನಾನೇಕೆ ಎಂದು ನಿಮಗೆ ಅನುಮಾನ ಬರಬಹುದು. "ಉದ್ದ ಕೂದ್ಲಿಲ್ದ ದೆವ್ವಾನ ಯಾವನ್ ನೋಡ್ತಾನ್ರೀ?" ಎಂದು ಪ್ರೊಡ್ಯೂಸರ್ ಹೊನ್ನೇಗೌಡರು ಹಟ ಹಿಡಿದಿದ್ದರು. ಲಾರಿಗಳ ಧಣಿ, ಅವರ ಮಾತೇ ವೇದ. ಹೀಗೆ ನನಗೂ ಮುಖ್ಯ ಪಾತ್ರ ಸಿಕ್ಕಿತು.

ಅಂದು ಸಂಜೆ ಕೋಣೆಯಲ್ಲಿ ನನ್ನ ಸಿಕ್ಕು ಬಿಡಿಸುತ್ತಾ ತಿಪ್ಪೇಶ ಹೇಳಿದ ಮಾತು ಇನ್ನೂ ನನ್ನ ಎಳೆಎಳೆಯಲ್ಲಿದೆ. "ನಮ್ಮಂಥೋರ್ನ ನೋಡಿ ನಗಾದು ಎಲ್ರೂ ನಗ್ತಾರೆ ಅಚ್ಚಣ್ಣ. ನನ್ನ ನೋಡಿ ಒಬ್ಬನಾದ್ರೂ ಅಳಬೇಕು. ಅಷ್ಟಾದ್ರೆ ಸಾಕು ನಂಗೆ." ಅಚ್ಚಣ್ಣ ಬಾಚಣಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಬಾಚತೊಡಗಿದ.

ಸಾಯುವ ಶಾಟನ್ನು ಒಂದು ಪಾಳುಬಾವಿಯ ಕಟ್ಟೆಯ ಮೇಲೆ ತೆಗೆದರು. ಬದುಕಿದ್ದಾಗಲೂ ಅದೇ ಕೂದಲಿರಲೆಂದು ಆಗಲೂ ನಾನೇ ಅವನ ತಲೆಯ ಮೇಲೆ. ನಮ್ಮ ಚಿತ್ರರಂಗದಲ್ಲಿ ಒಂದು ಪದ್ಧತಿಯಿದೆ. ಸತ್ತಂತೆ ನಟಿಸಿದವನು ಶಾಟ್ ಮುಗಿದ ಕೂಡಲೇ ಎದ್ದು ಕ್ಯಾಮರಾ ನೋಡಿ ನಗಬೇಕು. ಇಲ್ಲದಿದ್ದರೆ ಅಪಶಕುನ, ಆಯಸ್ಸು ಕಮ್ಮಿ. ಆ ನಗುವನ್ನು ಆಮೇಲೆ ಕತ್ತರಿಸಿ ಬಿಸಾಡುತ್ತಾರೆ. ಅದು ಯಮನಿಗೆ ತೋರಿಸುವ ನಗು, ಜನಕ್ಕಲ್ಲ. ತಿಪ್ಪೇಶ ಎದ್ದು ಕೂತ, ಆದರೆ ನಗು ಬರಲೊಲ್ಲದು. ನಟಿಸುತ್ತಾ ನಟಿಸುತ್ತಾ ನಿಜವಾಗಿಯೇ ಅತ್ತುಬಿಟ್ಟಿದ್ದ. ನಾನು ಕಣ್ಣೀರಿಗೆ ಒದ್ದೆಯಾಗಿ ಅವನ ಒಂದು ಕಣ್ಣಿಗೆ ಅಂಟಿಕೊಂಡಿದ್ದೆ. ಕ್ಯಾಮರಾ ಓಡುತ್ತಲೇ ಇತ್ತು. ಪಕ್ಕದಲ್ಲಿ ನಿಂತಿದ್ದ ಅಚ್ಚಣ್ಣನ ಜೀವ ಬಾಯಿಗೆ ಬಂತು.

"ಲೋ, ನಗೋ! ನಗೋ ತಿಪ್ಪಾ, ನನ್ನಾಣೆ!"

ತಿಪ್ಪೇಶ ಅವನ ಕಡೆ ತಿರುಗಿದ. ಪೆಚ್ಚಾಗಿ ನಿಂತಿದ್ದ ಅವನ ಮುಖ ನೋಡಿ, ಮೂಗು ಸೋರುತ್ತಿದ್ದಂತೆಯೇ ಬಾಯ್ತುಂಬಾ ನಕ್ಕ. ಅಯ್ಯೋ, ಎಷ್ಟು ಚೆಂದದ ನಗು ಅದು! ಅಚ್ಚಣ್ಣ ಓಡಿಬಂದು ನೆಟಿಗೆ ಮುರಿದು ದೃಷ್ಟಿ ತೆಗೆದ. "ಸದ್ಯ, ನೂರು ವರ್ಷ ಬಾಳು" ಎಂದ.

ಮುಂದಿನದು ನಮಗೆ ಆಮೇಲೆ ತಿಳಿದದ್ದು. ಸಿನಿಮಾ ಮುಗಿಸಿ ತೋರಿಸಿದಾಗ ಹೊನ್ನೇಗೌಡರು ಕಿಡಿಕಿಡಿಯಾದರಂತೆ. "ಏನ್ರೀ ಇದು, ಗಂಡಸೂ ಗಂಡಸೂ ತಬ್ಕೊಂಡು ಅಳೋದು? ಕಾಮಿಡಿ ಮಾಡಿ, ಇಲ್ಲಾಂದ್ರೆ ಡಬ್ಬದಲ್ಲೇ ಇರ್ಲಿ!" ಗಜೇಂದ್ರ ಮೊದಲು ಜಗಳವಾಡಿ, ಆಮೇಲೆ ತಲೆತಗ್ಗಿಸಿ ಒಪ್ಪಿಕೊಂಡ. ತಿಪ್ಪೇಶನ ದನಿ ಕಿತ್ತುಹಾಕಿ, ಮಿಮಿಕ್ರಿಯವನೊಬ್ಬನಿಂದ ಕೀಚಲು ಹೆಣ್ಣುದನಿ ಕೊಡಿಸಿದರು. ನಗಿಸಲು ಇನ್ನೂ ಏನಾದರೂ ಬೇಕೆಂದು ಕಸದ ರೀಲು ಕೆದಕಿದಾಗ ಸಿಕ್ಕಿದ್ದು ಆ ನಗು. ದೆವ್ವ ಗೆಳೆಯನನ್ನು ಮುಟ್ಟಿದಾಗಲೆಲ್ಲ ಅದನ್ನೇ ಅಂಟಿಸಿದರು.

ಬಿಡುಗಡೆಯ ದಿನ ಪ್ರಚಾರಕ್ಕೆಂದು ತಿಪ್ಪೇಶನಿಗೆ, ಜನ ನಗಲೆಂದು ಹಳೆಯ ಬಿಳಿ ಸೀರೆಯನ್ನೇ ಉಡಿಸಿ, ದೆವ್ವದ ವೇಷ ಹಾಕಿ ಥಿಯೇಟರಿನ ಗೇಟಿನಲ್ಲಿ ನಿಲ್ಲಿಸಿದ್ದರು. ಮಗನ ಮುಖ ಪರದೆಯ ಮೇಲೆ ಬರುತ್ತದೆಂದು ಅವನ ಅವ್ವ, ಅಣ್ಣನ ಜೊತೆ ಬಸ್ಸು ಹತ್ತಿ ಬಂದಿದ್ದಳು. ಆಟ ಶುರುವಾದ ಮೇಲೆ ನಾವೂ ಒಳಗೆ ಹೋಗಿ ಹಿಂದೆ ನಿಂತೆವು. ದೆವ್ವ ಗೆಳೆಯನ ಕೈ ಹಿಡಿಯಿತು. ಕೀಚಲು ದನಿ, ಆಮೇಲೆ ಆ ನಗು. ಥಿಯೇಟರೇ ಹಾರಿಹೋಗುವಂತೆ ಸಿಳ್ಳೆ, ಕೇಕೆ. ಯಾರ್ಯಾರೋ ಅದೇ ಕೀಚಲು ದನಿಯಲ್ಲಿ ಕೂಗತೊಡಗಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಿಪ್ಪೇಶ ನನ್ನನ್ನು ಇನ್ನಷ್ಟು ಮುಖದ ಮೇಲೆ ಎಳೆದುಕೊಂಡ.

ಹೊರಗೆ ಬಂದ ಅಣ್ಣ ನನ್ನನ್ನು ಕಿತ್ತು ಎಸೆದು ತಿಪ್ಪೇಶನ ಕೆನ್ನೆಗೆ ಬಾರಿಸಿದ. "ಊರಾಗೆ ತಲೆ ಎತ್ತದಂಗೆ ಮಾಡಿಬಿಟ್ಯಲ್ಲೋ!" ಅಡ್ಡ ಬಂದ ಅಚ್ಚಣ್ಣನನ್ನು ನೋಡಿ, "ನೀನ್ಯಾವನೋ ಕೇಳಾಕೆ?" ಎಂದ.

ತಿಪ್ಪೇಶ ಅಚ್ಚಣ್ಣನನ್ನೇ ನೋಡುತ್ತಿದ್ದ.

"ನಾನು... ಮೇಕಪ್ ಮಾಡೋನು" ಎಂದ ಅಚ್ಚಣ್ಣ.

"ಮನಿಗೆ ಹೋಗಾನ ಬಾರಪ್ಪ" ಎಂದು ಅವ್ವ ಮಗನ ಕೈ ಹಿಡಿದಳು. ಅವನು ಹೋದ. ಬಿಳಿ ಸೀರೆಯಲ್ಲೇ ಹೋದ.

ನನ್ನನ್ನು ಮಣ್ಣಿನಿಂದ ಎತ್ತಿ ಕಂಕುಳಲ್ಲಿಟ್ಟುಕೊಂಡು ಅಚ್ಚಣ್ಣ ನೆಟ್ಟಗೆ ಹೊನ್ನೇಗೌಡರ ಆಫೀಸಿಗೆ ಹೋದ. "ಧಣಿ, ಸತ್ತ ಶಾಟಿನ ನಗು ಪರದೆ ಮೇಲೆ ಬರಬಾರ್ದು. ಅವನಿಗೆ ಕೇಡು. ಅದೊಂದು ತೆಗೆಸಿಬಿಡಿ, ಕಾಲಿಗೆ ಬೀಳ್ತೀನಿ" ಎಂದು ನಿಜವಾಗಿಯೂ ಕಾಲಿಗೆ ಬಿದ್ದ. "ಅದ್ರಿಂದ್ಲೇ ಕಣಯ್ಯ ಹೌಸ್‌ಫುಲ್ ಆಗೋದು" ಎಂದರು ಅವರು.

ತಿಪ್ಪೇಶನಿಗೆ ಮದುವೆ ಮಾಡಿದರೆಂದು ಸುದ್ದಿ ಬಂತು. ಕೆಲವು ವರ್ಷಗಳ ಮೇಲೆ, ಕಾಮಾಲೆಯಾಗಿ ಸತ್ತನೆಂದು ಆ ಕಡೆಯ ಲೈಟ್‌ಬಾಯ್ ಒಬ್ಬ ಚಹಾ ಕುಡಿಯುತ್ತಾ ಹೇಳಿದ. ಸತ್ತು ಆಗಲೇ ವರ್ಷವಾಗಿತ್ತು. "ಬಿಸಾಡೋ ನಗು ಬಿಸಾಡ್ಲಿಲ್ಲ, ಅದಕ್ಕೇ" ಎಂದ ಅಚ್ಚಣ್ಣ. ಅಂದಿನಿಂದ ನನ್ನನ್ನು ಯಾರ ತಲೆಗೂ ಹಾಕಲಿಲ್ಲ.

ಈಗ ನನಗೆ ಮುಪ್ಪು. ಬಲೆ ಹರಿದಿದೆ, ಹುಳು ಹತ್ತಿದೆ, ಅದೇ ಕೋಣೆಯ ಮೊಳೆಗೆ ನೇತುಬಿದ್ದಿದ್ದೇನೆ. ಅಚ್ಚಣ್ಣನ ಕೈ ನಡುಗುತ್ತದೆ. ಮೇಲಿನ ಮನೆಯ ಸರೋಜಮ್ಮ ಮಧ್ಯಾಹ್ನ ಅನ್ನ ಸಾರು ತಂದುಕೊಡುತ್ತಾಳೆ. ಒಳ್ಳೆಯ ಹೆಂಗಸು. ಮೊನ್ನೆ ತಟ್ಟೆ ಇಟ್ಟವಳೇ ಮೊಬೈಲ್ ತೋರಿಸಿದಳು.

"ಅಚ್ಚಣ್ಣೋರೇ, ಇದ್ ನೋಡಿ. ಯಾವ್ದೋ ಹಳೇ ಪಿಚ್ಚರ್ ದೆವ್ವ. ಏನ್ ಜೋಕ್ ಬಂದ್ರೂ ಕೊನೆಗೆ ಇದ್ರ ನಗುನೇ ಹಾಕ್ತಾರೆ!"

ಮೊಳೆಯ ಮೇಲಿನಿಂದ ನಾನೂ ನೋಡಿದೆ. ಒದ್ದೆ ವಿಗ್ಗು, ಸೋರುವ ಮೂಗು, ಕ್ಯಾಮರಾದ ಪಕ್ಕ ನಿಂತ ಯಾರನ್ನೋ ನೋಡಿ ನಗುವ ಮುಖ. ಅವನ ಒಂದು ಫೋಟೋ ಕೂಡ ಈ ಕೋಣೆಯಲ್ಲಿಲ್ಲ. ಜೊತೆಗೆ ಫೋಟೋ ತೆಗೆಸಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಇನ್ನೊಂದ್ಸಲ ಹಾಕಮ್ಮ" ಎಂದ ಅಚ್ಚಣ್ಣ.

ಅವಳು ಹಾಕಿದಳು. ಮತ್ತೆ ಕೇಳಿದ, ಮತ್ತೆ ಹಾಕಿದಳು. ಅವನ ಕಣ್ಣಿಂದ ನೀರು ದಳದಳ ಇಳಿದು ಅನ್ನದ ತಟ್ಟೆಗೆ ಬಿತ್ತು.

"ಅಯ್ಯೋ, ನಕ್ಕೂ ನಕ್ಕೂ ಕಣ್ಣಲ್ಲಿ ನೀರೇ ಬಂತಲ್ರೀ ನಿಮಗೆ!"

"ಹೂನಮ್ಮ" ಎಂದ ಅಚ್ಚಣ್ಣ. "ಭಾರಿ ತಮಾಷೆಯಾಗಿದೆ."

ಅವಳು ನಗುತ್ತಾ ಮೊಬೈಲ್ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ತಿಪ್ಪೇಶ ಕೇಳಿದ್ದು ಅಳುವವನೊಬ್ಬನನ್ನು. ಸಿಕ್ಕಿದನಲ್ಲ ಆ ಒಬ್ಬ, ಅವನ ಅಳುವೂ ನಗುವಿನ ಲೆಕ್ಕಕ್ಕೇ ಹೋಯಿತು.